ಬೂದು ಕಲ್ಲು ಹೊಳೆದರೆ ಬೆಳ್ಳಿಯೇ? ಸಲ್ಫೋಸಾಲ್ಟ್ ಖನಿಜವನ್ನು ಗುರುತಿಸುವ ಬಗೆ

ಬಾವಿ ತೋಡುವಾಗ, ರಸ್ತೆಗಾಗಿ ಗುಡ್ಡ ಕಡಿಯುವಾಗ, ಕಲ್ಲಿನ ಕ್ವಾರಿಯಲ್ಲಿ ಬಂಡೆ ಒಡೆಯುವಾಗ ಒಮ್ಮೊಮ್ಮೆ ಲೋಹದಂತೆ ಹೊಳೆಯುವ ಬೂದು ಕಲ್ಲು ಕೈಗೆ ಸಿಗುತ್ತದೆ. ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತದೆ. ಒಬ್ಬರು ಬೆಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಸೀಸ ಎನ್ನುತ್ತಾರೆ. ಕಾಸಿ ನೋಡೋಣ ಎಂದು ಮೂರನೆಯವರು ಒಲೆಗೆ ಹಾಕಲು ಹೊರಡುತ್ತಾರೆ. ಈ ಮೂರನೆಯ ಕೆಲಸವೇ ಎಲ್ಲಕ್ಕಿಂತ ಅಪಾಯದ್ದು. ಏಕೆಂದರೆ ಇಂಥ ಕೆಲವು ಕಲ್ಲುಗಳ ಒಡಲಲ್ಲಿ ಪಾಷಾಣ ಇರುತ್ತದೆ.

ಇಂಥ ಬೂದು ಕಲ್ಲುಗಳಲ್ಲಿ ಅಪರೂಪದ ಒಂದು ಬಳಗವಿದೆ. ಭೂವಿಜ್ಞಾನಿಗಳು ಅದನ್ನು 'ಸಲ್ಫೋಸಾಲ್ಟ್' ಎನ್ನುತ್ತಾರೆ. ಈ ಬಳಗದ ಕಲ್ಲನ್ನು ಸಿಕ್ಕಿದ ಜಾಗದಲ್ಲೇ ಎಷ್ಟರ ಮಟ್ಟಿಗೆ ಗುರುತಿಸಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ವಿಜ್ಞಾನ ಓದದವರೂ ಮಾಡಬಹುದಾದ ಪರೀಕ್ಷೆಗಳಿವು.

ಏನಿದು ಸಲ್ಫೋಸಾಲ್ಟ್?

ಭೂಮಿಯೊಳಗೆ ಲೋಹಗಳು ಶುದ್ಧವಾಗಿ ಸಿಗುವುದು ಕಡಿಮೆ. ಸೀಸ, ತಾಮ್ರ, ಸತು ಇವು ಹೆಚ್ಚಾಗಿ ಗಂಧಕದೊಡನೆ ಕೂಡಿ ಅದಿರಾಗಿರುತ್ತವೆ. ಸೀಸ ಮತ್ತು ಗಂಧಕ ಕೂಡಿದರೆ ಗೆಲಿನಾ ಎಂಬ ಸೀಸದ ಅದಿರು. ಕಬ್ಬಿಣ ಮತ್ತು ಗಂಧಕ ಕೂಡಿದರೆ ಹಳದಿಯಾಗಿ ಮಿನುಗುವ ಪೈರೈಟ್. ಇದು ಇಬ್ಬರ ಸಂಸಾರ.

ಸಲ್ಫೋಸಾಲ್ಟ್‌ನದು ಮೂವರ ಸಂಸಾರ. ಸೀಸ, ತಾಮ್ರ ಅಥವಾ ಬೆಳ್ಳಿಯಂಥ ಲೋಹ ಒಂದು, ಗಂಧಕ ಇನ್ನೊಂದು. ಮೂರನೆಯದು ಪೂರ್ತಿ ಲೋಹವೂ ಅಲ್ಲದ, ಅಲೋಹವೂ ಅಲ್ಲದ ಅರೆಲೋಹ. ಅದು ಪಾಷಾಣದ ಮೂಲವಸ್ತುವಾದ ಆರ್ಸೆನಿಕ್ ಆಗಿರಬಹುದು, ಆಂಟಿಮನಿ ಅಥವಾ ಬಿಸ್ಮತ್ ಆಗಿರಬಹುದು. ಈ ಮೂರರ ಪ್ರಮಾಣ ಸ್ವಲ್ಪ ಬದಲಾದರೂ ಹೊಸ ಖನಿಜವಾಗುತ್ತದೆ. ಹಾಗಾಗಿ ಈ ಬಳಗದಲ್ಲಿ ಇನ್ನೂರಕ್ಕೂ ಹೆಚ್ಚು ಖನಿಜಗಳಿವೆ. ಹೆಚ್ಚಿನವು ನೋಡಲು ಒಂದೇ ಥರ: ಬೂದು, ಉಕ್ಕಿನ ಬಣ್ಣ ಅಥವಾ ಕಪ್ಪು. ಗುರುತಿಸುವ ಕಷ್ಟವಿರುವುದೇ ಇಲ್ಲಿ.

ಇವು ಹುಟ್ಟುವುದು ಹೆಚ್ಚಾಗಿ ಬಂಡೆಯ ಬಿರುಕುಗಳಲ್ಲಿ. ಭೂಮಿಯ ಆಳದಿಂದ ಲೋಹಗಳನ್ನು ಕರಗಿಸಿಕೊಂಡು ಬರುವ ಬಿಸಿನೀರು ಬಿರುಕಿನಲ್ಲಿ ಹರಿದು ತಣ್ಣಗಾಗುತ್ತದೆ. ಆಗ ಬಿಳಿ ಬೆಣಚುಕಲ್ಲಿನ ಪಟ್ಟಿ ಉಳಿಯುತ್ತದೆ, ಅದರಲ್ಲಿ ಅದಿರು ಕೂರುತ್ತದೆ. ನೀರು ಸಾಕಷ್ಟು ತಣಿದ ಮೇಲೆ, ಉಳಿದ ಅದಿರುಗಳ ಹಿಂದೆ ಬರುವುದು ಸಲ್ಫೋಸಾಲ್ಟ್‌ಗಳ ಸ್ವಭಾವ.

ಮೊದಲು ಸಾಮಾನ್ಯರನ್ನು ಬದಿಗಿಡಿ

ಅಪರೂಪದ ಕಲ್ಲನ್ನು ಹುಡುಕುವ ಮೊದಲು ಅದು ಸಾಮಾನ್ಯ ಕಲ್ಲಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ನೂರರಲ್ಲಿ ತೊಂಬತ್ತೊಂಬತ್ತು ಸಲ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಪದರ ಪದರವಾಗಿ ಉಗುರಿನಲ್ಲಿ ಎದ್ದುಬಂದರೆ ಅದು ಅಭ್ರಕ. ನಮ್ಮಲ್ಲಿ ಕಾಗೆ ಬಂಗಾರ ಎಂದರೂ, ತೆಲುಗಿನಲ್ಲಿ ಕಾಕಿ ಬಂಗಾರಂ, ಮಲಯಾಳದಲ್ಲಿ ಕಾಕ್ಕಪ್ಪೊನ್ನು ಎಂದರೂ ಇದೇ. ಗಡಿಯ ಎರಡೂ ಕಡೆಯ ಹಿರಿಯರು ಹೆಸರಿನಲ್ಲೇ ಎಚ್ಚರಿಕೆ ಇಟ್ಟಿದ್ದಾರೆ.

ಕೈಗೆ ಜಿಡ್ಡಿನಂತೆ ಹತ್ತಿ, ಕಾಗದದ ಮೇಲೆ ಪೆನ್ಸಿಲ್‌ನಂತೆ ಗೆರೆ ಎಳೆದು, ತೂಕವೂ ಹಗುರವಾಗಿದ್ದರೆ ಅದು ಗ್ರಾಫೈಟ್. ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿದರೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಉಜ್ಜಿದಾಗ ಕೆಂಪು ಕಾವಿಯ ಗೆರೆ ಬಿದ್ದು, ಚಾಕುವಿಗೆ ಸುಲಭವಾಗಿ ಬಗ್ಗದಿದ್ದರೆ ಹೆಮಟೈಟ್, ಅದೂ ಕಬ್ಬಿಣದ ಅದಿರೇ. ಹಿತ್ತಾಳೆ ಬಣ್ಣವಿದ್ದು ಚಾಕುವಿನಿಂದ ಗೀರು ಬೀಳದಿದ್ದರೆ ಪೈರೈಟ್. ಅದೇ ಹಿತ್ತಾಳೆ ಬಣ್ಣವಿದ್ದು ಚಾಕುವಿಗೆ ಗೀರು ಬಿದ್ದರೆ ತಾಮ್ರದ ಅದಿರಾದ ಚಾಲ್ಕೊಪೈರೈಟ್.

ಬೆಳ್ಳಿಯಂತೆ ಬಿಳುಪಾಗಿ ಹೊಳೆದು, ಚಾಕುವಿಗೂ ಬಗ್ಗದೆ, ಸುತ್ತಿಗೆಯಿಂದ ಹೊಡೆದಾಗ ಬೆಳ್ಳುಳ್ಳಿ ವಾಸನೆ ಬಂದರೆ ಅದು ಆರ್ಸೆನೊಪೈರೈಟ್. ಬೆಳ್ಳಿಯಲ್ಲ, ಪಾಷಾಣದ ಕಲ್ಲು. ಅಲ್ಲಿಗೇ ಕೈಬಿಟ್ಟು ಕೈ ತೊಳೆದುಕೊಳ್ಳುವುದು ಒಳ್ಳೆಯದು. ವಾಸನೆ ನೋಡಲೆಂದೇ ಹೊಡೆಯುವುದಂತೂ ಬೇಡ.

ಇಷ್ಟೂ ಸಾಲನ್ನು ದಾಟಿ ಬಂದ ಮೆದು, ಭಾರದ, ಬೂದು ಕಲ್ಲಿದ್ದರೆ ಮಾತ್ರ ಮುಂದಿನ ಪರೀಕ್ಷೆ.

ಐದು ಪರೀಕ್ಷೆಗಳು

ಒಂದು, ಒರೆ. ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುವುದು ಎಲ್ಲರಿಗೂ ಗೊತ್ತು. ಖನಿಜಕ್ಕೂ ಅದೇ ಉಪಾಯ, ಆದರೆ ಒರೆಗಲ್ಲು ಕಪ್ಪಗಿರುವುದರ ಬದಲು ಬಿಳಿಯಾಗಿರಬೇಕು. ಒಡೆದ ಪಿಂಗಾಣಿ ಬಟ್ಟಲಿನ ತಳದಲ್ಲಿ ಮೆರುಗಿಲ್ಲದ ಒರಟು ಅಂಚು ಇರುತ್ತದೆ, ಅದು ಸಾಕು. ಆ ಬಟ್ಟಲನ್ನು ಮತ್ತೆ ಬಳಸಬಾರದು. ಸಲ್ಫೋಸಾಲ್ಟ್‌ಗಳ ಗೆರೆ ಹೆಚ್ಚಾಗಿ ಬೂದುಗಪ್ಪು ಅಥವಾ ಕಪ್ಪು, ಕೆಲವದು ಕಂದು. ಕಲ್ಲಿನ ಮೇಲ್ಮೈ ಗಾಳಿ ಮಳೆಗೆ ಬಣ್ಣಗೆಡುತ್ತದೆ, ಪುಡಿಯ ಬಣ್ಣ ಅಷ್ಟು ಬೇಗ ಮೋಸ ಮಾಡುವುದಿಲ್ಲ.

ಎರಡು, ಗಡಸು. ಉಗುರು, ತಾಮ್ರದ ತಂತಿ, ಚಾಕು ಇವು ಮೂರು ಅಳತೆಗೋಲು. ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಉಗುರು ಸುಮಾರು 2.5, ತಾಮ್ರ ಸುಮಾರು 3, ಚಾಕು ಸುಮಾರು 5.5. ಸಲ್ಫೋಸಾಲ್ಟ್‌ಗಳು ಹೆಚ್ಚಾಗಿ 2ರಿಂದ 4ರ ನಡುವೆ. ಅಂದರೆ ಚಾಕುವಿಗೆ ಸಲೀಸಾಗಿ ಗೀರು ಬೀಳುತ್ತದೆ. ಬೀಳದಿದ್ದರೆ ಅದು ಈ ಬಳಗದ್ದಲ್ಲ ಎಂದೇ ತಿಳಿಯಬಹುದು.

ಮೂರು, ಒಡೆಯುವ ರೀತಿ. ಚಿಕ್ಕ ಚೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆಲ್ಲನೆ ತಟ್ಟಿ, ಭೂತಕನ್ನಡಿಯಲ್ಲಿ ನೋಡಿ. ಗೆಲಿನಾ ಒಡೆದರೆ ಪುಟ್ಟ ಪುಟ್ಟ ದಾಳದಂಥ ಚೌಕ ಮೂಲೆಗಳೇ ಬರುತ್ತವೆ, ಪ್ರತಿ ಮುಖವೂ ಕನ್ನಡಿಯಂತೆ ಮಿಂಚುತ್ತದೆ. ಸಲ್ಫೋಸಾಲ್ಟ್ ಹಾಗೆ ಒಡೆಯುವುದಿಲ್ಲ. ಗಾಜಿನ ಚೂರಿನಂತೆ ಅಡ್ಡಾದಿಡ್ಡಿ ಒಡೆಯಬಹುದು, ಎಳೆ ಎಳೆಯಾಗಬಹುದು. ಚೌಕ ದಾಳ ಕಂಡರೆ ಅದು ಗೆಲಿನಾ ಎಂದು ಬಗೆಹರಿದಂತೆ.

ನಾಲ್ಕು, ನೀರಿನ ತೂಕ. ಇದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ, ಖರ್ಚೂ ಇಲ್ಲ. ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮೊದಲು ಕಲ್ಲನ್ನು ತೂಗಿ. ನಂತರ ಹಳೆಯ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಕಲ್ಲಿನ ತೂಕವನ್ನು ಭಾಗಿಸಿ. ಉದಾಹರಣೆಗೆ, ಕಲ್ಲು 58 ಗ್ರಾಂ ಇದ್ದು, ನೀರಿನಲ್ಲಿ ಹಿಡಿದಾಗ ತಕ್ಕಡಿ 10 ಗ್ರಾಂ ತೋರಿಸಿದರೆ ಉತ್ತರ 5.8. ಅಂದರೆ ಆ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ 5.8 ಪಟ್ಟು ಭಾರ.

ಬೆಣಚುಕಲ್ಲು 2.65, ಗ್ರಾಫೈಟ್ ಸುಮಾರು 2.2, ಪೈರೈಟ್ ಸುಮಾರು 5, ಗೆಲಿನಾ ಸುಮಾರು 7.5. ಸಲ್ಫೋಸಾಲ್ಟ್‌ಗಳಲ್ಲಿ ಹೆಚ್ಚಿನವು 4.5ರಿಂದ 6.5ರ ನಡುವೆ ಬರುತ್ತವೆ. ಚೂರಿಗೆ ಬೆಣಚುಕಲ್ಲು ಅಂಟಿಕೊಂಡಿದ್ದರೆ ಅಂಕಿ ಕಡಿಮೆ ಬರುತ್ತದೆ, ಹಾಗಾಗಿ ಆದಷ್ಟು ಶುದ್ಧವಾದ ಚೂರನ್ನೇ ಆರಿಸಬೇಕು.

ಐದು, ಜೊತೆಗಾರರು. ಸಲ್ಫೋಸಾಲ್ಟ್ ಒಂಟಿಯಾಗಿ ಬರುವುದು ಅಪರೂಪ. ಬಿಳಿ ಬೆಣಚುಕಲ್ಲಿನ ಪಟ್ಟಿಯಲ್ಲಿ ಗೆಲಿನಾ, ಕಂದು ಬಣ್ಣದ ಸತುವಿನ ಅದಿರು, ಹಳದಿ ಚಾಲ್ಕೊಪೈರೈಟ್ ಇವುಗಳ ನಡುವೆ ಕೂತಿರುತ್ತದೆ. ಕಲ್ಲಿನ ಮೇಲೆ ಹಸಿರು ಅಥವಾ ನೀಲಿ ಕಿಲುಬು ಇದ್ದರೆ ಒಳಗೆ ತಾಮ್ರವಿದೆ ಎಂದರ್ಥ. ಹಳದಿ ಹಿಟ್ಟಿನಂಥ ಪದರವಿದ್ದರೆ ಆಂಟಿಮನಿ ಇರಬಹುದು. ಆದ್ದರಿಂದ ಕಲ್ಲನ್ನು ಮಾತ್ರ ತಂದು ಜಾಗವನ್ನು ಮರೆಯಬೇಡಿ. ಅದು ಯಾವ ಬಂಡೆಯಲ್ಲಿತ್ತು, ಎಷ್ಟು ಆಳದಲ್ಲಿತ್ತು ಎಂದು ಬರೆದಿಡಿ. ಮೊಬೈಲ್‌ನಲ್ಲಿ ಚಿತ್ರ ತೆಗೆದರೆ ಇನ್ನೂ ಒಳ್ಳೆಯದು.

ಹಲ್ಲಿನ ಚಕ್ರದ ಅದಿರು

ಈ ಪರೀಕ್ಷೆಗಳು ಕೂಡಿ ಹೇಗೆ ಕೆಲಸ ಮಾಡುತ್ತವೆ ಎನ್ನುವುದಕ್ಕೆ ಬೂರ್ನೊನೈಟ್ ಒಳ್ಳೆಯ ಉದಾಹರಣೆ. ಸೀಸ, ತಾಮ್ರ, ಆಂಟಿಮನಿ, ಗಂಧಕ ಈ ನಾಲ್ಕು ಕೂಡಿದ ಸಲ್ಫೋಸಾಲ್ಟ್ ಇದು. ತೂಕದಲ್ಲಿ ಶೇಕಡಾ 42ರಷ್ಟು ಸೀಸ, 13ರಷ್ಟು ತಾಮ್ರ, 25ರಷ್ಟು ಆಂಟಿಮನಿ, ಉಳಿದದ್ದು ಗಂಧಕ. ಇದು ಮೊದಲು ಗಮನಕ್ಕೆ ಬಂದದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಸೇಂಟ್ ಎಂಡೆಲಿಯನ್ ಎಂಬಲ್ಲಿನ ಗಣಿಯಲ್ಲಿ. ಫಿಲಿಪ್ ರ‍್ಯಾಶ್ಲೀ ಎಂಬ ಸಂಗ್ರಾಹಕ 1797ರಲ್ಲಿ ಇದನ್ನು ಆಂಟಿಮನಿ ಅದಿರು ಎಂದು ವಿವರಿಸಿದ. ಮುಂದೆ ಇದರ ರಾಸಾಯನಿಕ ಸ್ವರೂಪ ತಿಳಿದು, ಫ್ರೆಂಚ್ ಖನಿಜತಜ್ಞ ಕೌಂಟ್ ಡಿ ಬೂರ್ನೊನ್‌ನ ಹೆಸರು ಬಂತು.

ಬೂರ್ನೊನೈಟ್‌ನ ಹರಳುಗಳು ಒಂದಕ್ಕೊಂದು ಜೋಡಿಕೊಂಡು ಬೆಳೆದಾಗ ಯಂತ್ರದ ಹಲ್ಲಿನ ಚಕ್ರದಂತೆ ಕಾಣುತ್ತವೆ. ಗಣಿ ಕೆಲಸಗಾರರು ಇದನ್ನು ಹಲ್ಲಿನ ಚಕ್ರದ ಅದಿರು ಎಂದೇ ಕರೆದರು. ಕಾರ್ನ್‌ವಾಲ್‌ನ ಹೆರೊಡ್ಸ್‌ಫುಟ್ ಗಣಿಯಿಂದ ಬಂದ ಇಂಥ ಹರಳುಗಳು ಇಂದಿಗೂ ವಸ್ತುಸಂಗ್ರಹಾಲಯಗಳ ಹೆಮ್ಮೆ. ಚಕ್ರದಂಥ ಹರಳು ಕಂಡರೆ ಗುರುತಿಸುವುದು ಸುಲಭ.

ಆದರೆ ಚಕ್ರ ಕಾಣದೆ ಬರೀ ಬೂದು ಗಡ್ಡೆಯಾಗಿದ್ದರೆ? ಒರೆಯ ಗೆರೆ ಬೂದುಗಪ್ಪು, ಗೆಲಿನಾದ್ದೂ ಬಹುಪಾಲು ಹಾಗೆಯೇ. ಗಡಸು 2.5ರಿಂದ 3, ಗೆಲಿನಾದ್ದೂ 2.5. ಈ ಎರಡು ಪರೀಕ್ಷೆ ಇಲ್ಲಿ ಕೈಕೊಡುತ್ತವೆ. ಬೇರೆ ಮಾಡುವುದು ಉಳಿದ ಎರಡು. ಬೂರ್ನೊನೈಟ್ ಚೌಕ ದಾಳವಾಗಿ ಒಡೆಯುವುದಿಲ್ಲ, ನೀರಿನ ತೂಕದಲ್ಲಿ 5.8 ಬರುತ್ತದೆ. ಗೆಲಿನಾ ದಾಳವಾಗಿ ಒಡೆಯುತ್ತದೆ, 7.5 ಬರುತ್ತದೆ. ತಾಮ್ರವಿರುವುದರಿಂದ ಬೂರ್ನೊನೈಟ್ ಮೇಲೆ ಹಸಿರು ಕಿಲುಬೂ ಕಾಣಬಹುದು. ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ.

ಬಳಗದ ಇತರರು

ಟೆಟ್ರಾಹೆಡ್ರೈಟ್ ಈ ಬಳಗದಲ್ಲಿ ಹೆಚ್ಚು ಸಿಗುವಂಥದ್ದು. ತಾಮ್ರ, ಆಂಟಿಮನಿ, ಗಂಧಕದ್ದು. ಹರಳು ನಾಲ್ಕು ಮುಖದ ಗೋಪುರದಂತಿರುತ್ತದೆ, ಹೆಸರೂ ಅದರಿಂದಲೇ ಬಂದದ್ದು. ಕೆಲವು ಕಡೆ ಇದರಲ್ಲಿ ಬೆಳ್ಳಿಯೂ ಸೇರಿರುತ್ತದೆ. ನಮ್ಮ ದೇಶದಲ್ಲಿ ರಾಜಸ್ಥಾನದ ರಾಜಪುರ-ದರೀಬಾ ಸೀಸ-ಸತು ಗಣಿಯಲ್ಲಿ ಬೆಳ್ಳಿ ಬೆರೆತ ಈ ಖನಿಜವೂ ಇತರ ಸಲ್ಫೋಸಾಲ್ಟ್‌ಗಳೂ ಸಿಕ್ಕಿವೆ. 2000 ವರ್ಷಗಳಿಗೂ ಹಿಂದೆಯೇ ಅಲ್ಲಿ ಗಣಿ ಕೆಲಸ ನಡೆದಿತ್ತು.

ಬುಲಾಂಜರೈಟ್ ಮತ್ತು ಜೇಮ್ಸೊನೈಟ್ ಎರಡೂ ಸೀಸ-ಆಂಟಿಮನಿಯವು, ಎರಡೂ ಕೂದಲಿನಂಥ ಬೂದು ಎಳೆಗಳಾಗಿ ಬೆಳೆಯುತ್ತವೆ. ಗಣಿಗರು ಎರಡನ್ನೂ ಗರಿ ಅದಿರು ಎಂದೇ ಕರೆಯುತ್ತಿದ್ದರು. ಸೂಜಿಯಿಂದ ಒಂದು ತೆಳು ಎಳೆಯನ್ನು ಮೆಲ್ಲನೆ ಒತ್ತಿದರೆ ಬುಲಾಂಜರೈಟ್ ಬಾಗುತ್ತದೆ, ಜೇಮ್ಸೊನೈಟ್ ಪುಟಕ್ಕನೆ ಮುರಿಯುತ್ತದೆ. ಇದು ಒಳ್ಳೆಯ ಸುಳಿವು, ಕೊನೆಯ ತೀರ್ಪಲ್ಲ.

ಬೊಲಿವಿಯಾ ದೇಶದ ಪೋಪೊ ಎಂಬಲ್ಲಿ ಸಿಕ್ಕ ಸಿಲಿಂಡ್ರೈಟ್ ಮಾತ್ರ ಬೇರೆ ಯಾವುದರೊಡನೆಯೂ ಗೊಂದಲವಾಗದು. ಚಾಪೆ ಸುರುಳಿ ಸುತ್ತಿದಂತೆ ತೆಳು ಹಾಳೆಗಳು ಸುತ್ತಿಕೊಂಡು ಕೊಳವೆಯಾಗಿರುತ್ತವೆ. 1893ರಲ್ಲಿ ವಿವರಿಸಲಾದ ಈ ಖನಿಜದಲ್ಲಿ ಸೀಸ, ತವರ, ಆಂಟಿಮನಿ, ಕಬ್ಬಿಣ, ಗಂಧಕ ಎಲ್ಲವೂ ಇವೆ.

ಪ್ರೌಸ್ಟೈಟ್ ಮತ್ತು ಪೈರಾರ್ಜಿರೈಟ್ ನಿಜಕ್ಕೂ ಬೆಳ್ಳಿಯ ಅದಿರುಗಳು. ಇವು ಮಾಣಿಕ್ಯದಂತೆ ಕೆಂಪು, ಒರೆಯ ಗೆರೆಯೂ ಕೆಂಪು. ಬೆಳಕಿಗೆ ಇಟ್ಟರೆ ಕಪ್ಪಾಗುತ್ತವೆ, ಹಾಗಾಗಿ ಸಂಗ್ರಾಹಕರು ಕತ್ತಲಲ್ಲಿ ಇಡುತ್ತಾರೆ. ಬೆಳ್ಳಿ ಇರುವ ಕಲ್ಲು ಬೆಳ್ಳಿಯಂತೆಯೇ ಕಾಣಬೇಕೆಂದೇನೂ ಇಲ್ಲ.

ಕೊನೆಯ ಮಾತು ಪ್ರಯೋಗಾಲಯದ್ದು

ಹೊಲದಲ್ಲಿ ಮಾಡುವ ಪರೀಕ್ಷೆ ಬಳಗವನ್ನು ಹೇಳುತ್ತದೆ, ಹೆಸರನ್ನಲ್ಲ. ಇದಕ್ಕೆ ದೊಡ್ಡ ಸಾಕ್ಷಿ ಜರ್ಮನಿಯ ಫ್ರೈಬರ್ಗ್ ಬಳಿಯ ಹಿಮೆಲ್ಸ್‌ಫ್ಯೂರ್ಸ್ಟ್ ಗಣಿಯಲ್ಲಿದೆ. 1885ರಲ್ಲಿ ಅಲ್ಲಿ ಬೂದು ಬಣ್ಣದ, ಲೋಹದ ಹೊಳಪಿನ, ಬೆಳ್ಳಿ ಇದ್ದ ಖನಿಜವೊಂದು ಸಿಕ್ಕಿತು. ಸಲ್ಫೋಸಾಲ್ಟ್‌ಗಳಿಗೆ ಹತ್ತಿರದ ನಂಟಿನದು. ಖನಿಜತಜ್ಞ ಆಲ್ಬಿನ್ ವೈಸ್ಬಾಖ್ ಇದು ಹೊಸದು ಎಂದು ಗುರುತಿಸಿ ಆರ್ಜಿರೊಡೈಟ್ ಎಂದು ಹೆಸರಿಟ್ಟರು. ಅದರೊಳಗೆ ಏನೇನಿದೆ ಎಂದು ನೋಡಲು ರಸಾಯನತಜ್ಞ ಕ್ಲೆಮೆನ್ಸ್ ವಿಂಕ್ಲರ್ ಅವರಿಗೆ ಕೊಟ್ಟರು.

ವಿಂಕ್ಲರ್ ಎಷ್ಟು ಸಲ ಲೆಕ್ಕ ಮಾಡಿದರೂ ಬೆಳ್ಳಿ, ಗಂಧಕ ಎಲ್ಲ ಸೇರಿ ಶೇಕಡಾ 93ಕ್ಕೆ ನಿಲ್ಲುತ್ತಿತ್ತು. ಉಳಿದ 7 ಎಲ್ಲಿ ಹೋಯಿತು? ತಿಂಗಳುಗಟ್ಟಲೆ ಹುಡುಕಿ 1886ರ ಫೆಬ್ರವರಿಯಲ್ಲಿ ಅವರು ಉತ್ತರ ಕಂಡುಕೊಂಡರು. ಅದು ಅದುವರೆಗೆ ಯಾರೂ ನೋಡಿರದ ಮೂಲವಸ್ತು, ಜರ್ಮೇನಿಯಂ. ರಷ್ಯಾದ ಮೆಂಡಲೀವ್ 1871ರಲ್ಲೇ ಇಂಥದೊಂದು ಇರಬೇಕೆಂದು ಊಹಿಸಿ, ನಮ್ಮ ಸಂಸ್ಕೃತದ 'ಏಕ' ಪದವನ್ನು ಸೇರಿಸಿ 'ಏಕ-ಸಿಲಿಕಾನ್' ಎಂದು ಕರೆದಿದ್ದರು. ಮುಂದೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಬಳಕೆಯಾದದ್ದು ಇದೇ ಜರ್ಮೇನಿಯಂ.

ಇಂದು ಈ ಕೆಲಸಕ್ಕೆ ಯಂತ್ರಗಳಿವೆ. ಕಲ್ಲನ್ನು ಕನ್ನಡಿಯಂತೆ ನುಣ್ಣಗೆ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಕ್ಸ್-ರೇ ಹಾಯಿಸಿ ಹರಳಿನ ರಚನೆ ತಿಳಿಯುತ್ತಾರೆ. ಎಲೆಕ್ಟ್ರಾನ್ ಕಿರಣ ಬಿಟ್ಟು ಯಾವ ಮೂಲವಸ್ತು ಎಷ್ಟಿದೆ ಎಂದು ಅಳೆಯುತ್ತಾರೆ.

ನಮ್ಮ ಗಡಿಸೀಮೆಯಲ್ಲಿ ಏನಿದೆ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ ಭಾಗದ್ದು ಕಪ್ಪು ಬಸಾಲ್ಟ್ ನೆಲ. ಲಾವಾ ಹರಿದು ಗಟ್ಟಿಯಾದ ಈ ಬಂಡೆಯ ಪೊಟರೆಗಳಲ್ಲಿ ಸಿಗುವ ಬಿಳಿ, ಹೊಳಪಿನ ಹರಳುಗಳು ಹೆಚ್ಚಾಗಿ ಜಿಯೊಲೈಟ್, ಕ್ಯಾಲ್ಸೈಟ್ ಅಥವಾ ಬೆಣಚುಕಲ್ಲು. ನೋಡಲು ಚೆಂದ, ಲೋಹವಿಲ್ಲ. ಕಾಸರಗೋಡಿನ ಮುರಕಲ್ಲಿನಲ್ಲಿ ಇರುವುದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಇಲ್ಲೆಲ್ಲ ಸಲ್ಫೋಸಾಲ್ಟ್ ನಿರೀಕ್ಷಿಸುವ ಹಾಗಿಲ್ಲ.

ಗಂಧಕ ಬೆರೆತ ಅದಿರುಗಳು ಇರುವುದು ಹಳೆಯ ಚಿನ್ನದ ಪಟ್ಟಿಗಳಲ್ಲಿ. ಮಡಕಶಿರಾ ಕಡೆಯವರಿಗೆ ಗೊತ್ತಿರುವ ರಾಮಗಿರಿ, ಆದೋನಿ ಸೀಮೆಯವರಿಗೆ ಹತ್ತಿರದ ಜೊನ್ನಗಿರಿ, ರಾಯಚೂರಿನ ಹಟ್ಟಿ, ನೀಲಗಿರಿಯ ದೇವಾಲ-ಪಂದಲೂರು, ವಯನಾಡು ಇವೆಲ್ಲ ಚಿನ್ನಕ್ಕೆ ಹೆಸರಾದವು. 1880ರ ಸುಮಾರಿಗೆ ವಯನಾಡು-ನೀಲಗಿರಿಯ ಚಿನ್ನದ ಆಸೆಗೆ ಲಂಡನ್‌ನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ, ಕೆಲವೇ ವರ್ಷಗಳಲ್ಲಿ ಹಣ ಹಾಕಿದವರನ್ನು ಮುಳುಗಿಸಿದವು. ಹೊಳಪು ನೋಡಿ ಬೆಲೆ ಕಟ್ಟುವ ಚಟ ಹೊಸದಲ್ಲ.

ಇಂಥ ಪಟ್ಟಿಗಳಲ್ಲಿಯೂ ಹೊಳೆಯುವ ಕಲ್ಲು ಹೆಚ್ಚಾಗಿ ಪೈರೈಟ್ ಅಥವಾ ಆರ್ಸೆನೊಪೈರೈಟ್. ಎರಡನೆಯದರ ಪರಿಣಾಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಅನುಭವಿಸಿದ್ದಾರೆ. ಹಳೆಯ ಚಿನ್ನದ ಗಣಿಯಿದ್ದ ಮಂಗಳೂರು ಗ್ರಾಮದ ಶಿಲಾಪಟ್ಟಿಯಲ್ಲಿರುವ ಈ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಜನರ ಚರ್ಮದ ಮೇಲೆ ಅದರ ಗುರುತು ಕಂಡಿತ್ತು. ಈ ಕುರಿತ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ಇದು ಬಣ್ಣ, ರುಚಿ, ವಾಸನೆಯಿಂದ ತಿಳಿಯುವಂಥದ್ದಲ್ಲ. ಹಾಗಾಗಿ ಬಾವಿಯಲ್ಲಿ ಇಂಥ ಕಲ್ಲು ಕಂಡರೆ ಕಲ್ಲಿನ ಬೆಲೆ ವಿಚಾರಿಸುವ ಮೊದಲು ಆ ನೀರನ್ನು ಪರೀಕ್ಷೆಗೆ ಕೊಡಿ.

ಮಾಡಬಾರದ್ದು, ಮಾಡಬೇಕಾದ್ದು

ಕಲ್ಲನ್ನು ನಾಲಿಗೆಗೆ ತಾಗಿಸಬೇಡಿ. ಒಲೆ, ಕುಲುಮೆ, ಗ್ಯಾಸ್ ಉರಿಯಲ್ಲಿ ಕಾಸಬೇಡಿ, ಅದರ ಹೊಗೆಯಲ್ಲಿ ಆರ್ಸೆನಿಕ್ ಮತ್ತು ಸೀಸ ಎರಡೂ ಇರಬಹುದು. ಪುಡಿ ಮಾಡಿ ಕಣ್ಣಿಗೆ ಸುರ್ಮಾ, ಕಾಡಿಗೆ ಎಂದು ಹಚ್ಚಬೇಡಿ. ಆಸಿಡ್ ಹಾಕಿ ನೋಡಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಪರೀಕ್ಷೆಗೆ ಬಳಸಿದ ಲೋಟ, ಚಾಕು ಅಡುಗೆಮನೆಗೆ ಮರಳಬಾರದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮುಷ್ಟಿಯಷ್ಟು ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಊರು, ಸರ್ವೆ ನಂಬರ್, ಆಳ, ದಿನಾಂಕ ಬರೆದಿಡಿ. ನಿಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಚೇರಿ ಅಥವಾ ಭೂವಿಜ್ಞಾನ ವಿಭಾಗವಿರುವ ಕಾಲೇಜಿಗೆ ತೋರಿಸಿ. ಐದು ಪರೀಕ್ಷೆಯ ಫಲವನ್ನು ಬರೆದುಕೊಂಡು ಹೋದರೆ ಅಲ್ಲಿನವರಿಗೂ ಕೆಲಸ ಸುಲಭ.

ಮುಂಗಡ ಹಣ ಕೇಳಿ ಕಲ್ಲಿಗೆ ಕೋಟಿ ಬೆಲೆ ಕೊಡಿಸುತ್ತೇವೆ ಎನ್ನುವವರು ಬಂದರೆ ಪೊಲೀಸರಿಗೆ ತಿಳಿಸಿ. ನಿಮ್ಮದೇ ಹೊಲವಾದರೂ ಅನುಮತಿಯಿಲ್ಲದೆ ಅದಿರು ಅಗೆದು ಮಾರುವುದು 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅಪರಾಧ. ಗಡಿಯ ಆಚೆ ಈಚೆ ಇಲಾಖೆಯ ಹೆಸರು, ಭಾಷೆ ಬದಲಾಗಬಹುದು, ಈ ಕಾಯ್ದೆ ಎಲ್ಲರಿಗೂ ಒಂದೇ.